ತಲೆ ಸಿಡಿತಕ್ಕೆ ವಿಟಮಿನ್ ಗುಳಿಗೆ ಕಾರಣವೇ?

ವಿಟಮಿನ್ ಗುಳಿಗೆ ನುಂಗಿದವರಿಗೆ ಒಮ್ಮೆಲೇ ತಲೆ ಸಿಡಿದು ವಾಂತಿಯಾದರೆ ಗುಳಿಗೆಯನ್ನೇ ದೂರಬಹುದೇ ಎಂಬುದು ಜತ್ತ ತಾಲ್ಲೂಕಿನ ಉಮದಿಯ ಓದುಗರ ಪ್ರಶ್ನೆ.

ದೂರಬಹುದು, ಅದರಲ್ಲಿ ‘ಎ’ ವಿಟಮಿನ್ ಅತಿಯಾಗಿದ್ದರೆ.

1597ರಲ್ಲಿ ಆರ್ಕ್ಟಿಕ್‌ನ ನೊವಾಯಾ ಜೆಮ್ಲ್ಯಾ ದ್ವೀಪದಲ್ಲಿ ಸಿಕ್ಕಿಬಿದ್ದಿದ್ದ ಡಚ್ ನಾವಿಕರು ಹಿಮಕರಡಿಯ ಯಕೃತ್ತನ್ನು ಬೇಯಿಸಿ ತಿಂದರು. ಹಸಿದ ಹೊಟ್ಟೆಗೆ ಅದು ಹಬ್ಬದೂಟವೇ ಇರಬೇಕು! ಆದರೆ ಅವರು ಕಾಯಿಲೆ ಬಿದ್ದರು. ಮೂವರಿಗಂತೂ ನೆತ್ತಿಯಿಂದ ಅಂಗಾಲಿನವರೆಗೆ ಚರ್ಮ ಸುಲಿಯಿತು. ಆ ಯಕೃತ್ತಿನ ವಿಷ ‘ಎ’ ವಿಟಮಿನ್ನೇ ಎಂದು ಖಚಿತವಾದದ್ದು 1940ರ ದಶಕದಲ್ಲಿ.

‘ಸಿ’ ಹೆಚ್ಚಾದರೆ ಬಹುಪಾಲು ಮೂತ್ರದಲ್ಲಿ ಹೋಗುತ್ತದೆ. ಕೊಬ್ಬಿನಲ್ಲಿ ಕರಗುವ ‘ಎ’ ಹಾಗಲ್ಲ, ಯಕೃತ್ತಿನಲ್ಲಿ ಕೂಡುತ್ತಾ ಹೋಗುತ್ತದೆ. ಮಿತಿ ಮೀರಿದಾಗ ತಲೆಬುರುಡೆಯೊಳಗಿನ ಒತ್ತಡ ಏರಿ ತಲೆನೋವು, ವಾಂತಿ, ಮಂಜುಗಣ್ಣು ಕಾಣಿಸುತ್ತವೆ. ದೊಡ್ಡವರಿಗೆ ದಿನಕ್ಕೆ 3,000 ಮೈಕ್ರೋಗ್ರಾಂ ಸುರಕ್ಷಿತ ಮೇಲ್ಮಿತಿ. ಗಜ್ಜರಿ ತಿಂದು ಈ ವಿಷ ಏರುವುದಿಲ್ಲ. ಹೆಚ್ಚೆಂದರೆ ಅಂಗೈ ಹಳದಿಯಾದೀತು.

ಅಂಗನವಾಡಿಯಲ್ಲಿ ಮಕ್ಕಳಿಗೆ ಆರು ತಿಂಗಳಿಗೊಮ್ಮೆ ಹಾಕುವ ‘ಎ’ ದ್ರಾವಣಕ್ಕೆ ಹೆದರಬೇಕಿಲ್ಲ. ಕೆಲವರಿಗೆ ವಾಂತಿ, ತಲೆನೋವು ಬಂದರೂ ಒಂದೆರಡು ದಿನದಲ್ಲಿ ಇಳಿಯುತ್ತದೆ.

ಆದರೆ ಹಠಾತ್ ತೀವ್ರ ತಲೆನೋವಿಗೆ ಮಿದುಳಿನ ರಕ್ತಸ್ರಾವ, ಮಿದುಳುಪೊರೆಯ ಸೋಂಕು ಕೂಡ ಕಾರಣವಾಗಬಹುದು. ಗುಳಿಗೆ ನಿಲ್ಲಿಸಿ ಕಾಯುತ್ತ ಕೂರದೆ, ಡಬ್ಬಿ ಸಮೇತ ತಕ್ಷಣ ಆಸ್ಪತ್ರೆಗೆ ಹೋಗಬೇಕು.