ನಿರ್ದೇಶಕನ ಪೂರ್ವಚರಿತ್ರೆ

ದನದ ಜಾತ್ರೆಯಲ್ಲಿ ಎತ್ತು ಕೊಳ್ಳಲು ಹೋದ ರೈತನು ಅದರ ಹಲ್ಲು ಹಿಡಿದು ನೋಡುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಅಷ್ಟಕ್ಕೂ ತೃಪ್ತನಾಗದೆ, ಅದು ಹಿಂದೆ ಯಾರ ಕೊಟ್ಟಿಗೆಯಲ್ಲಿತ್ತು, ಅವರು ಅದನ್ನು ಮಾರುತ್ತಿರುವುದೇಕೆ ಎಂದು ವಿಚಾರಿಸುತ್ತಾನೆ. ಅದೇ ರೈತನ ಮಗನು ಪಟ್ಟಣದಲ್ಲಿ ಉದ್ಯೋಗ ಹಿಡಿದು, ಸಂಬಳದಲ್ಲಿ ಉಳಿಸಿದ ಹಣದಿಂದ ಕಂಪನಿಯೊಂದರ ಷೇರು ಕೊಳ್ಳುವಾಗ ಇಷ್ಟು ವಿಚಾರಣೆ ನಡೆಸುವುದು ಅಪರೂಪ. ಕಂಪನಿಯ ಹೆಸರು ದೊಡ್ಡದು, ಅಧ್ಯಕ್ಷನ ಭಾವಚಿತ್ರ ಪತ್ರಿಕೆಗಳಲ್ಲಿ ಬಂದಿದೆ, ನೆರೆಯವರೂ ಕೊಂಡಿದ್ದಾರೆ, ಇಷ್ಟು ಸಾಕೆನಿಸುತ್ತದೆ.

ಷೇರುದಾರನು ಕಂಪನಿಯ ಒಡೆಯರಲ್ಲಿ ಒಬ್ಬನೇನೋ ನಿಜ. ಆದರೆ ಅದರ ಹಣದ ಪೆಟ್ಟಿಗೆಯ ಕೀಲಿಕೈ ಇರುವುದು ನಿರ್ದೇಶಕರ ಬಳಿ. ಲಾಭನಷ್ಟದ ಲೆಕ್ಕವೂ ಅಢಾವೆ ಪತ್ರಿಕೆಯೂ ವರ್ಷಕ್ಕೊಮ್ಮೆ ಷೇರುದಾರನ ಕೈಸೇರುವುದುಂಟು. ಅವನ್ನು ಸಿದ್ಧಪಡಿಸುವವರೂ ಆ ನಿರ್ದೇಶಕರೇ. ಆದ್ದರಿಂದ ಲೆಕ್ಕವನ್ನು ನಂಬುವ ಮೊದಲು ಲೆಕ್ಕ ಬರೆಸಿದವರು ಯಾರೆಂದು ಕೇಳಬೇಕಾಗುತ್ತದೆ. ಇಂಗ್ಲೆಂಡಿನ ರಾಬರ್ಟ್ ಮ್ಯಾಕ್ಸ್‌ವೆಲ್‌ನ ವೃತ್ತಾಂತದಿಂದ ಈ ಮಾತು ವಿಶದವಾಗುತ್ತದೆ.

ಮ್ಯಾಕ್ಸ್‌ವೆಲ್ 1923ರಲ್ಲಿ ಅಂದಿನ ಚೆಕೊಸ್ಲೊವಾಕಿಯದ ಹಳ್ಳಿಯೊಂದರಲ್ಲಿ ಕಡುಬಡ ಯೆಹೂದಿ ಕುಟುಂಬದಲ್ಲಿ ಹುಟ್ಟಿದನು. ಅವನ ಬಂಧುಗಳಲ್ಲಿ ಬಹುಪಾಲು ಜನ ನಾಟ್ಸಿಗಳ ಕ್ರೌರ್ಯಕ್ಕೆ ಬಲಿಯಾದರು. ಬ್ರಿಟಿಷ್ ಸೈನ್ಯದಲ್ಲಿ ಹೋರಾಡಿ ಶೌರ್ಯಪದಕ ಪಡೆದನು. ಹುಟ್ಟಿದಾಗ ಇದ್ದ ಹೆಸರನ್ನು ಬಿಟ್ಟು, ನಡುವೆ ಬೇರೆ ಹೆಸರುಗಳನ್ನು ಧರಿಸಿ, ಕಡೆಗೆ ಮ್ಯಾಕ್ಸ್‌ವೆಲ್ ಎಂದು ನೆಲೆಗೊಂಡನು. ವಿಜ್ಞಾನ ಪತ್ರಿಕೆಗಳನ್ನು ಪ್ರಕಟಿಸುವ ಪರ್ಗಮಾನ್ ಪ್ರೆಸ್ ಅವನ ಕೈಯಲ್ಲಿ ದೊಡ್ಡ ಸಂಸ್ಥೆಯಾಯಿತು. 1964ರಲ್ಲಿ ಪಾರ್ಲಿಮೆಂಟಿನ ಸದಸ್ಯನೂ ಆದನು. ಅವನ ಸಾಮರ್ಥ್ಯವನ್ನು ವೈರಿಗಳೂ ಅಲ್ಲಗಳೆಯಲಿಲ್ಲ. ಆದರೆ ಈ ಏಳಿಗೆಯ ನಡುವೆಯೇ ಒಂದು ಕುರುಹು ಉಳಿದಿತ್ತು: 1951ರಲ್ಲಿ ಅವನು ವಹಿಸಿಕೊಂಡ ಸಿಂಪ್ಕಿನ್ ಮಾರ್ಷಲ್ ಎಂಬ ಪುಸ್ತಕದ ಸಗಟು ವ್ಯಾಪಾರ ಸಂಸ್ಥೆಯು ಕೆಲವೇ ವರ್ಷಗಳಲ್ಲಿ ದಿವಾಳಿಯೆದ್ದು, ಪ್ರಕಾಶಕರ ಬಾಕಿ ಬಾಕಿಯಾಗಿಯೇ ಉಳಿಯಿತು.

1969ರಲ್ಲಿ ಲೀಸ್ಕೊ ಎಂಬ ಅಮೆರಿಕದ ಕಂಪನಿಯು ಪರ್ಗಮಾನನ್ನು ಕೊಳ್ಳಲು ಮುಂದೆ ಬಂದು, ಲೆಕ್ಕಗಳನ್ನು ಕಂಡು ಹಿಂಜರಿಯಿತು. ಸರಕಾರವು ತನಿಖಾಧಿಕಾರಿಗಳನ್ನು ನೇಮಿಸಿತು. ಅವರಿಗೆ ಕಂಡುಬಂದ ಸಂಗತಿ ಸ್ವಾರಸ್ಯವಾದುದು. ಪರ್ಗಮಾನಿನ ಹಳೆಯ ಸಂಚಿಕೆಗಳು ದೊಡ್ಡ ಮೊತ್ತಕ್ಕೆ ಮಾರಾಟವಾದಂತೆ ಲೆಕ್ಕದಲ್ಲಿತ್ತು. ಕೊಂಡವರು ಮಾತ್ರ ಮ್ಯಾಕ್ಸ್‌ವೆಲ್ ಕುಟುಂಬದ ಖಾಸಗಿ ಕಂಪನಿಗಳು. ಬಲಗೈಯಿಂದ ಎಡಗೈಗೆ ಸರಕು ದಾಟಿಸಿ ಅದನ್ನೇ ಲಾಭವೆಂದು ಬರೆದರೆ ಷೇರಿನ ಬೆಲೆ ಏರುತ್ತದೆ. ಹಾಗೆ ಏರಿದ ಬೆಲೆಯನ್ನು ಕಂಡು ಕೊಂಡವನಿಗೆ ಉಳಿಯುವುದು ಮಾರಾಟವಾಗದ ಸಂಚಿಕೆಗಳ ರಾಶಿ. 1971ರ ಜುಲೈಯಲ್ಲಿ ಪ್ರಕಟವಾದ ವರದಿಯು ಮ್ಯಾಕ್ಸ್‌ವೆಲ್‌ನ ಶಕ್ತಿಸಾಮರ್ಥ್ಯಗಳನ್ನು ಒಪ್ಪಿಕೊಂಡೇ, ಸಾರ್ವಜನಿಕರ ಹಣವಿರುವ ಕಂಪನಿಯ ಆಡಳಿತವನ್ನು ನಂಬಿ ಒಪ್ಪಿಸತಕ್ಕ ವ್ಯಕ್ತಿ ಇವನಲ್ಲವೆಂದು ಸ್ಪಷ್ಟವಾಗಿ ತಿಳಿಸಿತು. ತನಿಖೆ ನಡೆದ ರೀತಿ ನ್ಯಾಯವಲ್ಲವೆಂದು ಅವನು ನ್ಯಾಯಾಲಯಕ್ಕೆ ಹೋದನು. 1974ರಲ್ಲಿ ಮೇಲ್ಮನವಿ ನ್ಯಾಯಾಲಯವು ಆ ವಾದವನ್ನು ತಳ್ಳಿಹಾಕಿತು.

ಇಷ್ಟಾದ ಮೇಲೆ ಅವನ ಕಥೆ ಮುಗಿಯಬೇಕಾಗಿತ್ತು. ಮುಗಿಯಲಿಲ್ಲ. ಅದೇ 1974ರಲ್ಲಿ ಪರ್ಗಮಾನ್ ಮರಳಿ ಅವನ ಕೈಸೇರಿತು. 1981ರಲ್ಲಿ ನಷ್ಟದಲ್ಲಿ ಮುಳುಗಿದ್ದ ದೊಡ್ಡ ಮುದ್ರಣ ಸಂಸ್ಥೆಯೊಂದನ್ನು ವಹಿಸಿಕೊಂಡು ಲಾಭಕ್ಕೆ ತಂದನು. ಗೆದ್ದೆತ್ತಿನ ಬಾಲ ಹಿಡಿಯುವುದು ಲೋಕರೂಢಿ. ಹತ್ತು ವರ್ಷದ ಹಿಂದಿನ ವರದಿ ಹಳೆಯ ಕಾಗದವಾಯಿತು. ಬ್ಯಾಂಕುಗಳು ಸಾಲ ಕೊಡಲು ಮುಂದಾದವು. 1984ರಲ್ಲಿ ಡೈಲಿ ಮಿರರ್ ಪತ್ರಿಕೆಯೂ ಅವನದಾಯಿತು. ಹಳೆಯದನ್ನು ಕೆದಕಿ ಬರೆದವರ ಮೇಲೆ ಮಾನನಷ್ಟದ ದಾವೆ ಹೂಡುತ್ತಿದ್ದುದರಿಂದ ಪತ್ರಿಕೆಗಳೂ ಹಿಂದೆಗೆದವು. ಸಾಮಾನ್ಯ ಹೂಡಿಕೆದಾರನು ಏನನ್ನೂ ಅರಿಯದೆ ಹೋದುದಕ್ಕೆ ಅವನ ಉದಾಸೀನವೊಂದೇ ಕಾರಣವಲ್ಲವೆಂಬುದನ್ನೂ ಇಲ್ಲಿ ನೆನೆಯಬೇಕು. ಆದರೂ 1971ರ ವರದಿಯು ಅಚ್ಚಾದ ಸರಕಾರಿ ದಾಖಲೆ. ಅದನ್ನು ಯಾರೂ ಅಡಗಿಸಿಟ್ಟಿರಲಿಲ್ಲ.

1991ರ ಮೇ ತಿಂಗಳಲ್ಲಿ ಮಿರರ್ ಸಮೂಹದ ಶೇಕಡ 49ರಷ್ಟು ಷೇರುಗಳನ್ನು ಸಾರ್ವಜನಿಕರಿಗೆ ಮಾರಲಾಯಿತು. ಅದೇ ವರ್ಷದ ನವೆಂಬರ್ 5ರಂದು ಮ್ಯಾಕ್ಸ್‌ವೆಲ್ ಕೆನೆರಿ ದ್ವೀಪಗಳ ಬಳಿ ತನ್ನ ವಿಹಾರನೌಕೆಯಿಂದ ಕಾಣೆಯಾಗಿ, ಸಮುದ್ರದಲ್ಲಿ ಶವವಾಗಿ ದೊರೆತನು. ಅನಂತರ ಲೆಕ್ಕ ಬಿಚ್ಚಿದಾಗ, ನೌಕರರ ನಿವೃತ್ತಿವೇತನ ನಿಧಿಯಲ್ಲಿ 40 ಕೋಟಿ ಪೌಂಡಿಗೂ ಮಿಕ್ಕ ಹಣ ಇರಲಿಲ್ಲ. ನಿಧಿಗೆ ಸೇರಿದ ಷೇರುಗಳನ್ನು ತನ್ನ ಖಾಸಗಿ ಕಂಪನಿಗಳಿಗೆ ಸಾಗಿಸಿ, ಸಾಲಕ್ಕಾಗಿ ಬ್ಯಾಂಕುಗಳಲ್ಲಿ ಅಡವಿಡಲಾಗಿತ್ತು. ಇಪ್ಪತ್ತು ವರ್ಷಗಳ ಹಿಂದೆ ಹಳೆಯ ಸಂಚಿಕೆಗಳು ದಾಟಿದ ದಾರಿಯಲ್ಲೇ ಈಗ ಮುದ್ರಣಾಲಯದ ಕೆಲಸಗಾರರ ಮುಪ್ಪಿನ ಅನ್ನವೂ ದಾಟಿತ್ತು. ಅದರಲ್ಲಿ ಒಂದು ಪಾಲು ಮುಂದೆ ಬ್ಯಾಂಕು ಮೊದಲಾದ ಸಂಸ್ಥೆಗಳೊಡನೆ ಆದ ಒಪ್ಪಂದದಿಂದ ಮರಳಿತು. ಅವನ ಹೆಸರಿನದೇ ಆದ ಮ್ಯಾಕ್ಸ್‌ವೆಲ್ ಕಮ್ಯುನಿಕೇಷನ್ ಕಾರ್ಪೊರೇಷನ್ನಿನ ಷೇರುದಾರರಿಗಾದರೋ ಏನೂ ದಕ್ಕಲಿಲ್ಲ.

ವ್ಯಾಪಾರದಲ್ಲಿ ಸೋತವರೆಲ್ಲ ವಂಚಕರಲ್ಲ. ಮಳೆ ಕೈಕೊಟ್ಟರೆ ಒಳ್ಳೆಯ ಬೇಸಾಯಗಾರನೂ ಸೋಲುತ್ತಾನೆ. ನಿರ್ದೇಶಕನ ಹಿಂದಿನ ಕಂಪನಿ ಮುಳುಗಿತೆಂಬುದಕ್ಕಿಂತ, ಮುಳುಗುವಾಗ ಅವನು ಹೇಗೆ ನಡೆದುಕೊಂಡನೆಂಬುದು ಮುಖ್ಯ: ಸಾಲಗಾರರಿಗೆ ನಿಜ ಹೇಳಿದನೇ, ಕಂಪನಿಯ ಸರಕು ಅವನ ಸ್ವಂತ ಸಂಸ್ಥೆಗಳಿಗೆ ಹರಿಯಿತೇ, ಲೆಕ್ಕಪರಿಶೋಧಕರು ಅರ್ಧದಲ್ಲಿ ಬಿಟ್ಟುಹೋದರೇ ಎಂಬುದನ್ನು ನೋಡಬೇಕು. ಇವಕ್ಕೆ ಉತ್ತರ ಜಾಹೀರಾತಿನಲ್ಲಿ ದೊರೆಯದು, ದಾಖಲೆಗಳಲ್ಲಿ ದೊರೆಯುವುದುಂಟು.

ಭಾರತದಲ್ಲಿ ಕಂಪನಿಗಳು ರಿಜಿಸ್ಟ್ರಾರರಿಗೆ ಪ್ರತಿವರ್ಷ ಲೆಕ್ಕಪತ್ರಗಳನ್ನು ಸಲ್ಲಿಸಬೇಕು. ಅವನ್ನು ಅಲ್ಪ ಶುಲ್ಕ ತೆತ್ತು ಯಾರಾದರೂ ನೋಡಬಹುದು. ಸತತ ಮೂರು ವರ್ಷ ಸಲ್ಲಿಸದ ಕಂಪನಿಯ ನಿರ್ದೇಶಕನು 2013ರ ಕಂಪನಿ ಕಾಯಿದೆಯಂತೆ ಐದು ವರ್ಷ ಅನರ್ಹನಾಗುತ್ತಾನೆ. ಸಾರ್ವಜನಿಕರಿಂದ ಬಂಡವಾಳ ಕೇಳುವ ಕಂಪನಿಯು ತನ್ನ ವಿವರಣಾ ಪತ್ರಿಕೆಯಲ್ಲಿ ಪ್ರವರ್ತಕರ ಮೇಲಿನ ಮೊಕದ್ದಮೆಗಳನ್ನು ತಿಳಿಸಬೇಕು. ಅವು ಸಾಮಾನ್ಯವಾಗಿ ಓದುಗನ ಕಣ್ಣು ದಣಿಯುವ ಕೊನೆಯ ಭಾಗದಲ್ಲಿರುವುದರಿಂದ, ಪತ್ರಿಕೆಯನ್ನು ಹಿಂದಿನಿಂದ ಓದತೊಡಗುವುದೇ ಮೇಲು. ವಂಚನೆಗಾಗಿ ನಿಷೇಧಿತರಾದವರ ಮೇಲಿನ ಆದೇಶಗಳನ್ನು ಸೆಬಿ ಸಂಸ್ಥೆಯು ಪ್ರಕಟಿಸುತ್ತದೆ. ಒಂದೇ ಹೆಸರಿನವರು ಹಲವರಿರುವ ದೇಶದಲ್ಲಿ ನಿರಪರಾಧಿಯೊಬ್ಬನ ಮೇಲೆ ಅನುಮಾನ ಬೀಳದಂತೆ ಎಚ್ಚರ ವಹಿಸುವುದೂ ಅಗತ್ಯ. ಇದಕ್ಕೆ 2006ರ ತಿದ್ದುಪಡಿಯಿಂದ ಬಂದ ನಿರ್ದೇಶಕರ ಗುರುತು ಸಂಖ್ಯೆ ಸಹಾಯಕವಾಗಿದೆ. ಒಬ್ಬನಿಗೆ ಒಂದೇ ಸಂಖ್ಯೆ. ಅವನು ಎಷ್ಟು ಕಂಪನಿಗಳನ್ನು ಸೇರಿದರೂ ಬಿಟ್ಟರೂ ಅದು ಬದಲಾಗುವುದಿಲ್ಲ.