ಮಂಕಾದ ದೋಣಿಗೆ ಮತ್ತೆ ಮೆರುಗು

ಕೃಷ್ಣರಾಜಪೇಟೆ ತಾಲ್ಲೂಕಿನ ಅಂಬಿಗರಹಳ್ಳಿಯ ಬಳಿ ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥ ನದಿಗಳು ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಕೂಡುತ್ತವೆ. ಊರಿನ ಹೆಸರಿನಲ್ಲೇ ಅಂಬಿಗರಿದ್ದಾರೆ. ನಮ್ಮ ನದಿಗಳಲ್ಲಿ ಹಿಂದಿನಿಂದಲೂ ಓಡಾಡಿದ್ದು ಬಿದಿರಿನ ಹರಿಗೋಲು. ಟಾರು ಬಳಿದ ಅದರ ತಳಕ್ಕೆ ಹೊಳಪಿನ ಹಂಗಿಲ್ಲ. ಫೈಬರ್ ದೋಣಿಯ ಮಾತು ಬೇರೆ. ಕೊಂಡಾಗ ಕನ್ನಡಿಯಂತೆ ಹೊಳೆಯುವ ಅದು ಕೆಲವು ಬೇಸಿಗೆ ಕಳೆಯುವಷ್ಟರಲ್ಲಿ ಬಿಳಿಚಿಕೊಳ್ಳುತ್ತದೆ. ಮೈ ಸವರಿದರೆ ಸೀಮೆಸುಣ್ಣದಂಥ ಪುಡಿ ಕೈಗೆ ಹತ್ತುತ್ತದೆ. ಅದು ಬರೀ ಧೂಳಲ್ಲ, ದೋಣಿಯ ಮೈಯಿಂದಲೇ ಉದುರಿದ್ದು.

ಹೊಳಪು ಹೋಗುವುದೇಕೆ?

ಗಾಜಿನ ಎಳೆಗಳನ್ನು ಪಾಲಿಯೆಸ್ಟರ್ ರಾಳದಲ್ಲಿ ಹುದುಗಿಸಿ ಫೈಬರ್ ದೋಣಿ ಮಾಡುತ್ತಾರೆ. ಅದರ ಹೊರಮೈಗೆ ಸುಮಾರು ಅರ್ಧ ಮಿಲಿಮೀಟರ್ ದಪ್ಪದ, ಬಣ್ಣ ಬೆರೆಸಿದ ರಾಳದ ಪದರವಿರುತ್ತದೆ. ಇದೇ ಜೆಲ್‌ಕೋಟ್. ಬಿಸಿಲಿನ ಅತಿನೇರಳೆ ಕಿರಣ ಮತ್ತು ಗಾಳಿಯ ಆಮ್ಲಜನಕ ಸೇರಿ ರಾಳದ ಅಣುಸರಪಳಿಗಳನ್ನು ತುಂಡರಿಸುತ್ತವೆ. ಹಿಡಿತ ತಪ್ಪಿದ ಬಣ್ಣದ ಕಣಗಳು ಪುಡಿಯಾಗಿ ಮೇಲೇಳುತ್ತವೆ. ನುಣುಪಾಗಿದ್ದ ಮೈ ತರಿತರಿಯಾಗಿ, ಬಿದ್ದ ಬೆಳಕು ಎಲ್ಲ ದಿಕ್ಕಿಗೂ ಚದುರುತ್ತದೆ. ಒಂದು ಚೊಂಬು ನೀರು ಸುರಿದು ನೋಡಿ. ಸಣ್ಣ ತಗ್ಗುಗಳಲ್ಲಿ ನೀರು ತುಂಬಿ ಬಣ್ಣ ಮರಳುತ್ತದೆ. ಒಣಗಿದೊಡನೆ ಮತ್ತೆ ಮಂಕು.

ಹುಣಸೆಹಣ್ಣು ಸಾಲದೇ?

ಹಿತ್ತಾಳೆ ಕೆಲಸಕ್ಕೆ ಹೆಸರಾದ ನಾಗಮಂಗಲ ನಮ್ಮ ನೆರೆಯಲ್ಲೇ ಇದೆ. ಕಪ್ಪಾದ ಹಿತ್ತಾಳೆ ಚೊಂಬು ಹುಣಸೆಹಣ್ಣಿನಿಂದ ಉಜ್ಜಿದರೆ ಫಳಫಳಿಸುವುದನ್ನು ಮಕ್ಕಳೆಲ್ಲ ಕಂಡಿದ್ದಾರೆ. ಅಲ್ಲಿ ನಡೆದಿರುವುದೂ ಉತ್ಕರ್ಷಣವೇ. ಆದರೆ ಅಲ್ಲಿ ಕೂತಿರುವುದು ಲೋಹದ ಆಕ್ಸೈಡ್; ಹುಣಸೆಯ ಟಾರ್ಟಾರಿಕ್ ಆಮ್ಲ ಅದನ್ನು ಕರಗಿಸುತ್ತದೆ. ಕೆಟ್ಟ ರಾಳ ಹಾಗೆ ಕರಗದು. ಅದನ್ನು ಉಜ್ಜಿಯೇ ತೆಗೆಯಬೇಕು.

ಉಜ್ಜುವ ಕ್ರಮ

ದೋಣಿಯನ್ನು ದಡದಿಂದ ದೂರಕ್ಕೆ ಒಯ್ದು, ಸೋಪಿನ ನೀರಿನಲ್ಲಿ ತೊಳೆದು, ನೆರಳಿನಲ್ಲಿ ಒಣಗಿಸಿ. ವಾಹನಗಳ ಬಣ್ಣದ ಅಂಗಡಿಯಲ್ಲಿ ಸಿಗುವ ರಬ್ಬಿಂಗ್ ಕಾಂಪೌಂಡನ್ನು ಮೊದಲು ಅಂಗೈಯಗಲ ಜಾಗಕ್ಕೆ ಹಚ್ಚಿ ಉಜ್ಜಿ ನೋಡಿ. ಹೊಳಪು ಬಂದರೆ ಅಷ್ಟೇ ಸಾಕು. ಬಾರದಿದ್ದರೆ 1000 ನಂಬರಿನ ವಾಟರ್ ಪೇಪರನ್ನು ನೀರು ಹಾಕುತ್ತ ಹಗುರವಾಗಿ ಆಡಿಸಿ, ಬಳಿಕ 1500, 2000 ನಂಬರು ಬಳಸಿ. ನಂಬರು ಏರಿದಂತೆ ಕಾಗದ ನಯವಾಗುತ್ತದೆ. ಆಮೇಲೆ ಕಾಂಪೌಂಡ್, ಪಾಲಿಶ್, ಕೊನೆಗೆ ಮೇಣ. ಪುಡಿಯ ಮೇಲೆಯೇ ಮೇಣ ಬಳಿದರೆ ಹೊಳಪು ಕೆಲವೇ ದಿನದ್ದು. ಒಣ ಕಾಗದದಿಂದ ಉಜ್ಜಬೇಡಿ, ಪುಡಿ ಶ್ವಾಸಕೋಶಕ್ಕೆ ಕೆಟ್ಟದ್ದು. ಮೂಗು-ಬಾಯಿಗೆ ಮುಸುಕು ಇರಲಿ.

ಒಂದು ಎಚ್ಚರಿಕೆ. ಇರುವುದೇ ಅರ್ಧ ಮಿಲಿಮೀಟರ್ ಪದರ. ಪ್ರತಿ ಸಲ ಉಜ್ಜಿದಾಗಲೂ ಅದು ತೆಳ್ಳಗಾಗುತ್ತದೆ. ಗಾಜಿನ ಎಳೆ ಕಾಣಿಸಿತೆಂದರೆ ಕೈ ನಿಲ್ಲಿಸಿ. ಅಲ್ಲಿಂದ ನೀರು ಒಳಗಿಳಿದು ಚಿಪ್ಪನ್ನು ದುರ್ಬಲಗೊಳಿಸುತ್ತದೆ. ಆಗ ಪಾಲಿಶ್ ಕೆಲಸಕ್ಕೆ ಬಾರದು, ಹೊಸದಾಗಿ ಜೆಲ್‌ಕೋಟ್ ಹಾಕಿಸಬೇಕು. ಆದ್ದರಿಂದ ವರ್ಷಕ್ಕೊಮ್ಮೆ ಮೇಣ ಹಚ್ಚಿ, ಕೆಲಸವಿಲ್ಲದಾಗ ದೋಣಿಯನ್ನು ನೆರಳಿನಲ್ಲಿಡುವುದೇ ಅಗ್ಗದ ಉಪಾಯ.

ಪಾಲಕರಿಗೂ ಒಂದು ಮಾತು. ಹೊಳಪು ದೋಣಿಯ ಬಲಕ್ಕೆ ಸಾಕ್ಷಿಯಲ್ಲ. ಮಕ್ಕಳನ್ನು ದೋಣಿವಿಹಾರಕ್ಕೆ ಕರೆದೊಯ್ದಾಗ ಬಣ್ಣ ನೋಡಿ ಮೆಚ್ಚುವ ಮೊದಲು ಬಿರುಕಿದೆಯೇ, ಒಳಗೆ ನೀರು ಜಿನುಗುತ್ತಿದೆಯೇ, ಎಲ್ಲರಿಗೂ ಲೈಫ್ ಜಾಕೆಟ್ ಇದೆಯೇ ಎಂದು ನೋಡಿ.