ಬೂಷ್ಟು, ಕೆಫೀನ್ ಮತ್ತು ವರ್ತಕನ ದಾಸ್ತಾನು

ಆಷಾಢದ ಮಳೆ ಹಿಡಿಯಿತೆಂದರೆ ಮಾವಳ್ಳಿ, ಮುರ್ಡೇಶ್ವರ ಭಾಗದ ಗೋದಾಮುಗಳಲ್ಲಿ ಶೇಂಗಾ, ಕೊಬ್ಬರಿ, ಒಣಮೆಣಸಿನ ಚೀಲಗಳಿಗೆ ಬೂಷ್ಟಿನ ಭಯ ಆರಂಭವಾಗುತ್ತದೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಕರಾವಳಿಗೆ ಇದು ಹೊಸದಲ್ಲ. ಆದರೆ ಬೂಷ್ಟನ್ನು ಒರೆಸಿ ಬಿಸಿಲಿಗೆ ಹಾಕಿದರೆ ಸರಕು ಶುದ್ಧವಾಯಿತೆಂಬ ನಂಬಿಕೆ ಸರಿಯಲ್ಲ. ಆಸ್ಪರ್ಜಿಲ್ಲಸ್ ವರ್ಗದ ಕೆಲವು ಬೂಷ್ಟುಗಳು ಉತ್ಪಾದಿಸುವ ಅಫ್ಲಾಟಾಕ್ಸಿನ್ ಎಂಬ ವಿಷ ಕಾಳಿನೊಳಗೇ ಉಳಿಯುತ್ತದೆ. ಅಡುಗೆಯ ಶಾಖಕ್ಕೂ ಪೂರ್ತಿ ನಾಶವಾಗದು. 1960ರಲ್ಲಿ ಇಂಗ್ಲೆಂಡಿನಲ್ಲಿ ಸುಮಾರು ಒಂದು ಲಕ್ಷ ಟರ್ಕಿ ಕೋಳಿಗಳು ಸತ್ತು, ಅದಕ್ಕೆ ಶೇಂಗಾ ಹಿಂಡಿಯೇ ಕಾರಣವೆಂದು ತಿಳಿದಾಗ ಈ ವಿಷ ಬೆಳಕಿಗೆ ಬಂದಿತು.

ಕುತೂಹಲದ ಸಂಗತಿಯೆಂದರೆ, ಕಾಫಿ ಬೀಜದ ಮೇಲೆ ಇದೇ ಬೂಷ್ಟು ಅಷ್ಟಾಗಿ ವಿಷ ಕಾರದು. 1970ರ ದಶಕದ ಉತ್ತರಾರ್ಧದಲ್ಲಿ ಅಮೆರಿಕದ ಆರ್. ಎಲ್. ಬ್ಯುಕ್ಯಾನನ್ ಮತ್ತು ಸಂಗಡಿಗರು ನಡೆಸಿದ ಪ್ರಯೋಗಗಳಲ್ಲಿ ಕೆಫೀನ್ ಬೂಷ್ಟಿನ ಬೆಳವಣಿಗೆಯನ್ನೂ ಅಫ್ಲಾಟಾಕ್ಸಿನ್ ಉತ್ಪಾದನೆಯನ್ನೂ ಕುಗ್ಗಿಸಿತು. ಕೆಫೀನ್ ತೆಗೆದ ಬೀಜಗಳಲ್ಲಿ ವಿಷದ ಪ್ರಮಾಣ ಹೆಚ್ಚಿತ್ತು. ಅಂದರೆ ಕೆಫೀನ್ ಗಿಡವೇ ತನ್ನ ಬೀಜಕ್ಕೆ ತೊಡಿಸಿದ ಕವಚದಂತಿದೆ.

ಹಾಗೆಂದು ಕಾಫಿ ವರ್ತಕರು ನಿಶ್ಚಿಂತರಾಗಿರುವಂತಿಲ್ಲ. ಸರಿಯಾಗಿ ಒಣಗದ ಕಾಫಿಯಲ್ಲಿ ಓಕ್ರಾಟಾಕ್ಸಿನ್ ಎಂಬ ಇನ್ನೊಂದು ವಿಷ ಹುಟ್ಟುತ್ತದೆ. ಕೆಫೀನಿನ ಕವಚ ಅದನ್ನು ಪೂರ್ತಿ ತಡೆಯದು. ಐರೋಪ್ಯ ಒಕ್ಕೂಟವು ಹುರಿದ ಕಾಫಿಯಲ್ಲಿ ಇದರ ಮಿತಿಯನ್ನು ಪ್ರತಿ ಕಿಲೋಗ್ರಾಮಿಗೆ 5 ಮೈಕ್ರೋಗ್ರಾಮಿನಿಂದ 3ಕ್ಕೆ ಇಳಿಸಿ, 2023ರ ಜನವರಿಯಿಂದ ಜಾರಿಗೆ ತಂದಿತು. ದೇಶದ ಕಾಫಿಯಲ್ಲಿ ಸುಮಾರು ಶೇ. 70ರಷ್ಟನ್ನು ಬೆಳೆಯುವ ಕರ್ನಾಟಕಕ್ಕೆ ಇದು ಸಣ್ಣ ಮಾತಲ್ಲ. ಮಂಗಳೂರಿನ ಕಾಫಿ ಸಂಸ್ಕರಣಾ ಘಟಕಗಳಲ್ಲಿ 'ಮಾನ್ಸೂನ್ಡ್ ಮಲಬಾರ್' ಕಾಫಿಗೆ ಮಳೆಗಾಲದ ತೇವಗಾಳಿಯನ್ನು ಬೇಕೆಂದೇ ಊಡಿಸುತ್ತಾರೆ. ಅಲ್ಲಿಯೂ ಬೀಜವನ್ನು ಪದೇ ಪದೇ ಕೈಯಾಡಿಸಿ, ಚೀಲಗಳ ನಡುವೆ ಗಾಳಿಯಾಡಲು ಬಿಟ್ಟು, ಕೊನೆಯಲ್ಲಿ ಕೆಟ್ಟದ್ದನ್ನು ಆರಿಸಿ ತೆಗೆಯಲಾಗುತ್ತದೆ. ರಕ್ಷಣೆ ಕೆಫೀನಿಗಿಂತ ಹೆಚ್ಚಾಗಿ ಈ ಎಚ್ಚರದಲ್ಲಿದೆ.

ಶೇಂಗಾ, ಕೊಬ್ಬರಿಗಳಿಗಾದರೋ ಕೆಫೀನಿನ ಆಸರೆಯೂ ಇಲ್ಲ. ಸುಲಿದ ಶೇಂಗಾದ ತೇವಾಂಶ ಶೇ. 7, ಕೊಬ್ಬರಿಯದು ಶೇ. 6 ಮೀರದಿರಲಿ. ಚೀಲಗಳು ಹಲಗೆಯ ಮೇಲಿರಲಿ, ಗೋಡೆಗೆ ತಾಗದಿರಲಿ; ಸುಕ್ಕಿದ, ಬಣ್ಣಗೆಟ್ಟ ಕಾಳನ್ನು ಆರಿಸಿ ತೆಗೆಯಲಿ. ಭಾರತೀಯ ಆಹಾರ ಸುರಕ್ಷತಾ ಮತ್ತು ಗುಣಮಟ್ಟ ಪ್ರಾಧಿಕಾರವು ಸಂಸ್ಕರಣೆಗೆ ಹೋಗುವ ಶೇಂಗಾಕ್ಕೆ ವಿಧಿಸಿರುವ ಮಿತಿ ಕಿಲೋಗ್ರಾಮಿಗೆ 15 ಮೈಕ್ರೋಗ್ರಾಂ ಅಫ್ಲಾಟಾಕ್ಸಿನ್ ಮಾತ್ರ.

ಲೆಕ್ಕಶಾಸ್ತ್ರದ ನಿಯಮವೂ ಇದನ್ನೇ ಹೇಳುತ್ತದೆ: ದಾಸ್ತಾನಿನ ಮೌಲ್ಯ ಕೊಂಡ ಬೆಲೆ ಅಥವಾ ಮಾರಿದರೆ ಕೈಗೆ ಬರುವ ನಿವ್ವಳ ಬೆಲೆ, ಇವೆರಡರಲ್ಲಿ ಯಾವುದು ಕಡಿಮೆಯೋ ಅದು. ಮಾರಲಾಗದ ಚೀಲವು ಪುಸ್ತಕದಲ್ಲಿ ಆಸ್ತಿಯಾಗಿ ಉಳಿಯದು. ತೇವಾಂಶಮಾಪಕಕ್ಕೆ ಮಾಡುವ ವೆಚ್ಚವನ್ನು ಒಂದು ಮಳೆಗಾಲದ ನಷ್ಟದೊಡನೆ ಹೋಲಿಸಿ ನೋಡಿದರೆ ಯಾವುದು ಲಾಭವೆಂಬುದು ತಾನಾಗಿಯೇ ವೇದ್ಯವಾಗುವುದು.